ಯಾಕ ಮಾತಾಡವಲ್ಲಿ?

ಬೆಂಗಳೂರಿನಲ್ಲಿ ಯಾರಾದರೂ "ಯಾವೂರು ನಿಮ್ದು?" ಅಂತ ಕೇಳಿದರೆ "ಇಂಗಳೇಶ್ವರ" ಅನ್ನುತ್ತೇನೆ. ಅವರ ಮುಖ ನೋಡಿ "ಬಸವನ ಬಾಗೇವಾಡಿ ಹತ್ರ" ಅಂತ ಸೇರಿಸುತ್ತೇನೆ. "ಬಸವಣ್ಣನವರ ತಾಯಿ ಮಾದಲಾಂಬಿಕೆಯ ಊರು" ಅಂದಮೇಲೆ ಪರಿಚಯ ಮುಗಿಯುತ್ತದೆ. ತೊಂದರೆ ಇರುವುದು ಮುಂದಿನ ಪ್ರಶ್ನೆಗೆ: "ಏನು ಕೆಲಸ?"

ಸಾಫ್ಟ್‌ವೇರು ಅಂದರೆ ಎಲ್ಲರಿಗೂ ತಿಳಿಯುತ್ತದೆ, ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಮ್ಮ ಅವ್ವ ಅಷ್ಟಕ್ಕೆ ಬಿಡುವವಳಲ್ಲ. ಒಂದು ದೀಪಾವಳಿಗೆ ಊರಿಗೆ ಹೋದಾಗ ಹಿಡಿದು ಕೂಡಿಸಿ ಕೇಳಿದಳು. "ಫೋನಿನೊಳಗ ಧ್ವನಿಗೆ ಹಾದಿ ತೋರಸೂ ಕೆಲಸ ಬೇ" ಅಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಧ್ವನಿಗೆ ಹಾದಿ ಏನ್ ತೋರಸ್ತೀಯೋ ತಮ್ಮಾ? ಬಾಯಿಂದ ಹೊಂಟಿದ್ದು ಕಿವಿಗೆ ಬಂದ ಬರ್ತದ."

ಅವ್ವನ ಮಾತು ಸುಳ್ಳಲ್ಲ. ನಮ್ಮೂರಿಂದ ಒಂದು ತಾಸಿನ ಚಿಲ್ಲರೆ ಹಾದಿಗೆ ವಿಜಯಪುರ ಇದೆ, ಅಲ್ಲಿ ಗೋಳಗುಮ್ಮಟ ಇದೆ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿ ಅದು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರು. ಮೇಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಈ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಗೋಡೆಗೆ ಕಿವಿ ಇಟ್ಟವರಿಗೆ ಕೇಳುತ್ತದೆ. ವೈರಿಲ್ಲ, ಬ್ಯಾಟರಿ ಇಲ್ಲ. ಶಾಲೆಯ ಟ್ರಿಪ್ಪಿನಲ್ಲಿ ಹೋದಾಗ ನಾನೂ ಪಿಸುಗುಟ್ಟಿದ್ದೆ. ಆದರೆ ನನ್ನ ಗೆಳೆಯನಿಗೆ ಹೇಳಿದ ಗುಟ್ಟು ಅವನ ಪಕ್ಕದಲ್ಲಿದ್ದ ಮಾಸ್ತರಿಗೂ ಕೇಳಿತು. ಅಲ್ಲಿ ಧ್ವನಿ ಹೋಗುತ್ತದೆ, ಎಲ್ಲಿಗೆ ಹೋಗಬೇಕೆಂದು ಹೇಳಲು ಆಗುವುದಿಲ್ಲ. ಒಬ್ಬರ ಮಾತು ಒಬ್ಬರಿಗೇ ಮುಟ್ಟಬೇಕು, ಇನ್ನೊಬ್ಬರಿಗೆ ಮುಟ್ಟಬಾರದು ಅನ್ನುವ ಆಸೆ ಹುಟ್ಟಿದಲ್ಲಿಂದ ನನ್ನ ಕಸುಬಿನ ಇತಿಹಾಸ ಶುರುವಾಗುತ್ತದೆ.

ಆ ಇತಿಹಾಸದ ಮೊದಲ ಪುಟದಲ್ಲೇ ಒಂದು ತಕರಾರು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಅಂತ ಒಬ್ಬ, ಹೆಣದ ಪೆಟ್ಟಿಗೆ, ಅಂತ್ಯಕ್ರಿಯೆಯ ವ್ಯವಹಾರದವನು. ಆಗ ಎಕ್ಸ್‌ಚೇಂಜಿನಲ್ಲಿ ಹೆಣ್ಣುಮಕ್ಕಳು ಕೂತು ಕೈಯಿಂದ ವೈರು ಚುಚ್ಚಿ ಲೈನು ಕೂಡಿಸುತ್ತಿದ್ದರು. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಎದುರಾಳಿ ಅಂಗಡಿಗೆ ತಿರುಗಿಸುತ್ತಾಳೆ ಅಂತ ಅವನಿಗೆ ಸಂಶಯ. ಕತೆ ಎಷ್ಟು ನಿಜವೋ, 1891ರಲ್ಲಿ ಅವನಿಗೆ ಸಿಕ್ಕ ಪೇಟೆಂಟು ಮಾತ್ರ ನಿಜ. ನಂಬರು ತಿರುಗಿಸಿದವನ ಬೆರಳೇ ದೂರದ ಸ್ವಿಚ್ಚನ್ನು ಕದಲಿಸಿ ಹಾದಿ ಮಾಡಿಕೊಳ್ಳುವ ಯಂತ್ರ ಅದು. ನಡುವೆ ಮನುಷ್ಯರಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಶುರುವಾದಾಗ ಅಲ್ಲಿ ತಯಾರಾದದ್ದೂ ಇದೇ ಸ್ಟ್ರೌಜರ್ ಜಾತಿಯ ಎಕ್ಸ್‌ಚೇಂಜುಗಳೇ. ಟಕ ಟಕ ಸದ್ದು ಮಾಡುವ, ಎಣ್ಣೆ ಕೇಳುವ, ಧೂಳು ಕಂಡರೆ ಮುನಿಸಿಕೊಳ್ಳುವ ಯಂತ್ರಗಳು. ನಮ್ಮಂಥ ಹಳ್ಳಿಗಳಿಗೆ ಅವು ಹೇಳಿಮಾಡಿಸಿದವಲ್ಲ.

ಹಳ್ಳಿಗೆ ಹೇಳಿಮಾಡಿಸಿದ್ದು ಬಂದದ್ದು ಸಿ-ಡಾಟ್‌ನಿಂದ. 1984ರ ಆಗಸ್ಟಿನಲ್ಲಿ ಸರ್ಕಾರ ಸೆಂಟರ್ ಫಾರ್ ಡೆವಲಪ್‌ಮೆಂಟ್ ಆಫ್ ಟೆಲಿಮ್ಯಾಟಿಕ್ಸ್ ಕಟ್ಟಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದವರು. ಗಡುವು 36 ತಿಂಗಳು, ದುಡ್ಡು 36 ಕೋಟಿ ರೂಪಾಯಿ. ದಿಲ್ಲಿ, ಬೆಂಗಳೂರು ಎರಡೂ ಕಡೆ ಹುಡುಗ ಹುಡುಗಿಯರು ಕೂತು ವಿನ್ಯಾಸ ಮಾಡಿದರು. ಅವರ ಗ್ರಾಮೀಣ ಎಕ್ಸ್‌ಚೇಂಜಿಗೆ 128 ಪೋರ್ಟು. ಏಸಿ ಬೇಡ, ಧೂಳಿಗೆ ಹೆದರಬಾರದು, ನಮ್ಮ ಬಿಸಿಲಿಗೆ ಬಗ್ಗಬಾರದು, ಇದು ಷರತ್ತು. ಮೊದಲನೆಯದನ್ನು 1986ರಲ್ಲಿ ನಿಲ್ಲಿಸಿದ್ದು ಎಲ್ಲಿ ಗೊತ್ತೇನು? ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಚೆನ್ನಮ್ಮನ ಹೆಸರಿಗೆ ಕಿತ್ತೂರು ಎಲ್ಲರಿಗೂ ಗೊತ್ತು, ಈ ಡಬ್ಬಿಯ ಹೆಸರಿಗೆ ನಮ್ಮ ಕಸುಬಿನವರಿಗೂ ಗೊತ್ತಿಲ್ಲ.

ಆ ಡಬ್ಬಿಯೊಳಗೆ ಏನು ನಡೆಯುತ್ತಿತ್ತು ಅನ್ನುವುದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕಂದರೆ ಇಂದು ನಿಮ್ಮ ಕಿಸೆಯ ಫೋನಿನಲ್ಲಿ ನಡೆಯುವುದೂ ಅದರ ಮೊಮ್ಮಗನೇ. ಮಾತನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. ಒಂದೊಂದು ಅಳತೆಯೂ 8 ಬಿಟ್ಟಿನ ಒಂದು ಅಂಕಿ. ಅಂದರೆ ಒಬ್ಬರ ಮಾತಿಗೆ ಸೆಕೆಂಡಿಗೆ 64,000 ಬಿಟ್ಟು. ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ 125 ಮೈಕ್ರೋಸೆಕೆಂಡು ಬಿಡುವು. ಆ ಬಿಡುವಿನಲ್ಲಿ ಅದೇ ತಂತಿಯ ಮೇಲೆ ಬೇರೆಯವರ ಅಳತೆಗಳನ್ನೂ ಕಳಿಸಬಹುದು. ಹಾಗೆ 32 ಪಾಳಿ ಮಾಡುತ್ತಾರೆ: 30 ಪಾಳಿ ಮಾತಿಗೆ, 2 ಪಾಳಿ ಲೆಕ್ಕ ತಪ್ಪದಂತೆ ನೋಡಿಕೊಳ್ಳಲಿಕ್ಕೆ. ಈ ಉಪಾಯದ ಬೀಜ 1937ರದು, ಅಲೆಕ್ ರೀವ್ಸ್ ಅನ್ನುವ ಇಂಗ್ಲಿಷ್ ಎಂಜಿನಿಯರ್‌ನದು.

ಈಗ ಹಾದಿ ತೋರಿಸುವ ಭಾಗ. ಬಂದ ಅಂಕಿಗಳನ್ನು ಬಂದ ಕ್ರಮದಲ್ಲೇ ಮೆಮೊರಿಯಲ್ಲಿ ಬರೆದಿಡುತ್ತಾರೆ. ಓದುವಾಗ ಬೇರೆ ಕ್ರಮದಲ್ಲಿ ಓದುತ್ತಾರೆ. 5ನೇ ಪಾಳಿಯಲ್ಲಿ ಬಂದ ಗೌಡರ ಮಾತು 17ನೇ ಪಾಳಿಯಲ್ಲಿ ಹೊರಗೆ ಹೋದರೆ ಕಿರಾಣಿ ಅಂಗಡಿಯ ಶೆಟ್ಟರಿಗೆ ಮುಟ್ಟಿತು. ಯಾವ ಕೊಂಡಿಯೂ ಕದಲಲಿಲ್ಲ, ಯಾವ ವೈರೂ ಚುಚ್ಚಲಿಲ್ಲ. ಓದುವ ಪಟ್ಟಿಯೊಂದು ಬದಲಾಯಿತು, ಅಷ್ಟೆ. ಸ್ಟ್ರೌಜರನ ಕಬ್ಬಿಣ ಇಲ್ಲಿ ಒಂದು ಕೋಷ್ಟಕವಾಯಿತು. ಹಾದಿ ಅನ್ನುವುದು ಬರವಣಿಗೆಯಾಯಿತು. ಬರವಣಿಗೆ ಅಂದಮೇಲೆ ಅದರಲ್ಲಿ ತಪ್ಪೂ ಆಗಬಹುದು. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಓಣಿಗೆ ಮೊದಲನೇ ಫೋನು ಬಂದಾಗ ನಮಗೆಲ್ಲ ದೊಡ್ಡ ಸೋಜಿಗ ಎಂದರೆ ಕರೆಂಟು ಹೋದಾಗಲೂ ಅದು ಮಾತಾಡುತ್ತಿತ್ತು. ನಮ್ಮ ಕಡೆ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಬಲ್ಬು ಸತ್ತಿರುತ್ತಿತ್ತು, ಫೋನು ಜೀವಂತ. ಇದರ ಗುಟ್ಟು ಎಕ್ಸ್‌ಚೇಂಜಿನ ಬ್ಯಾಟರಿ ಮನೆಯಲ್ಲಿದೆ. ಮಾತು ಹೋಗುವ ಅದೇ ಜೋಡಿ ತಂತಿಯ ಮೇಲೆ ಎಕ್ಸ್‌ಚೇಂಜು 48 ವೋಲ್ಟು ಕಳಿಸುತ್ತಿರುತ್ತದೆ. ನಿಮ್ಮ ಮನೆಯ ಮೈಕಿಗೆ ಊಟ ಹಾಕುವುದು ಆ ಬ್ಯಾಟರಿ. ಮೈಕು ತಾನಾಗಿ ಏನೂ ಕೇಳಿಸಿಕೊಳ್ಳುವುದಿಲ್ಲ, ಅದಕ್ಕೂ ಕೂಳು ಬೇಕು.

1986ರಲ್ಲೇ ಇನ್ನೊಂದು ಚಿಕ್ಕ ಘಟನೆ ನಡೆಯಿತು. ಕಿತ್ತೂರಿನ ಮಂದಿಗೆ ಅದರ ಸುದ್ದಿ ಇರಲಿಲ್ಲ. ಫಿಲಿಪ್ಸ್ ಕಂಪನಿ ಐ-ಸ್ಕ್ವೇರ್ಡ್-ಎಸ್ ಅನ್ನುವ ಪದ್ಧತಿ ಪ್ರಕಟಿಸಿತು. ಒಂದು ಚಿಪ್ಪಿನಿಂದ ಪಕ್ಕದ ಚಿಪ್ಪಿಗೆ ಧ್ವನಿ ಕಳಿಸಲು ಮೂರು ಗೆರೆ: ಒಂದು ತಾಳ ಹಾಕುವ ಗೆರೆ, ಒಂದು ಈಗ ಎಡಗಿವಿಯ ಪಾಳಿಯೋ ಬಲಗಿವಿಯದೋ ಹೇಳುವ ಗೆರೆ, ಒಂದು ಅಂಕಿಗಳ ಗೆರೆ. ಪಾಳಿ ಹಚ್ಚುವ ಉಪಾಯ ಮತ್ತೆ ಅದೇ, ಹಳ್ಳಿಗಳ ನಡುವಿನ ದೂರ ಮಾತ್ರ ಈಗ ಬೆರಳಗಲ. ಮುಂದೆ ಎಕ್ಸ್‌ಚೇಂಜು ಕುಗ್ಗಿ ಕುಗ್ಗಿ ಕೈಯೊಳಗೆ ಬಂತು.

ಕೈಯೊಳಗೆ ಬಂದದ್ದರಲ್ಲಿ ನಮ್ಮದೇ ಒಂದು ಇತ್ತು. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಸಿಂಪ್ಯೂಟರ್ ತೋರಿಸಿದರು. ಲಿನಕ್ಸ್ ನಡೆಸುವ ಅಂಗೈಯಗಲದ ಯಂತ್ರ. ಓದಲು ಬಾರದವರಿಗೆ ಅದು ಮಾತಾಡಿ ಹೇಳಬೇಕು ಅನ್ನುವುದು ಅದರ ಹಟ. ಅದಕ್ಕಾಗಿ ಶುರುವಾದ ಧ್ವನಿ ಅನ್ನುವ ತಂತ್ರಾಂಶ ಕನ್ನಡ ಅಕ್ಷರವನ್ನು ಮಾತಾಗಿ ಓದುತ್ತಿತ್ತು. 2004ರಲ್ಲಿ ಬಿಇಎಲ್‌ನಿಂದ ಅಮಿಡಾ ಹೆಸರಿನಲ್ಲಿ ಮಾರಾಟಕ್ಕೂ ಬಂತು. ಮಾರುಕಟ್ಟೆಯಲ್ಲಿ ಗೆಲ್ಲಲಿಲ್ಲ. ಆದರೆ ನನ್ನಂಥ ಬಾಗೇವಾಡಿ ಕಡೆಯ ಹುಡುಗನಿಗೆ, ಲಿನಕ್ಸು ಕೈಯೊಳಗೆ ಹಿಡಿಯುತ್ತದೆ, ಕನ್ನಡ ಮಾತಾಡುತ್ತದೆ ಅನ್ನುವ ಸುದ್ದಿಯೇ ಒಂದು ಪದವಿ ಇದ್ದಂಗ ಇತ್ತು.

ಆ ಕಾಲದ ಲಿನಕ್ಸಿನಲ್ಲಿ ಧ್ವನಿಯ ಸ್ಥಿತಿ ಹೇಗಿತ್ತು? ಜೆಕ್ ದೇಶದ ಯಾರೊಸ್ಲಾವ್ ಕಿಸೆಲಾ 1998ರಲ್ಲಿ ಶುರು ಮಾಡಿದ ಆಲ್ಸಾ ಅನ್ನುವ ವ್ಯವಸ್ಥೆ 2003ರ ಕೊನೆಗೆ ಬಂದ 2.6 ಕರ್ನೆಲ್ಲಿನಲ್ಲಿ ಗಟ್ಟಿಯಾಗಿ ಕೂತಿತು. ಅದು ಪಿಸಿಗೆ ಚಂದ. ಕೈಯಂತ್ರಕ್ಕೆ ಸಾಲದು. ಕೈಯಂತ್ರದಲ್ಲಿ ಮುಖ್ಯ ಚಿಪ್ಪು ಒಬ್ಬರದು, ಧ್ವನಿಯನ್ನು ಅಂಕಿ ಮಾಡುವ, ಅಂಕಿಯನ್ನು ಧ್ವನಿ ಮಾಡುವ ಕೋಡೆಕ್ ಚಿಪ್ಪು ಇನ್ನೊಬ್ಬರದು. ಎರಡರ ಡ್ರೈವರನ್ನೂ ಒಂದಕ್ಕೊಂದು ಅಂಟಿಸಿ ಬರೆಯುತ್ತಿದ್ದರು. ವೋಲ್ಫ್‌ಸನ್ ಕಂಪನಿಯ ಡಬ್ಲ್ಯುಎಂ8731 ಅನ್ನುವ ಒಂದೇ ಕೋಡೆಕ್ಕಿಗೆ ನಾಲ್ಕು ಬೇರೆ ಬೇರೆ ಮುಖ್ಯ ಚಿಪ್ಪುಗಳಿಗಾಗಿ ನಾಲ್ಕು ಡ್ರೈವರುಗಳಿದ್ದವು. ಮೇಲಾಗಿ ಒಂದು ಹಾಡು ಹಚ್ಚಿದರೆ ಕೋಡೆಕ್ಕಿನ ಎಲ್ಲ ಕೋಣೆಗಳ ದೀಪವೂ ಹತ್ತುತ್ತಿದ್ದವು. ಗೋಡೆಯ ಕರೆಂಟಿಗೆ ಅದು ಲೆಕ್ಕಕ್ಕಿಲ್ಲ, ಬ್ಯಾಟರಿಗೆ ಅದೇ ಸಾವು.

ಇದನ್ನು ಬಿಡಿಸಿದವರು ಎಡಿನ್‌ಬರೋದ ಅದೇ ವೋಲ್ಫ್‌ಸನ್ ಕಂಪನಿಯಲ್ಲಿದ್ದ ಲಿಯಾಮ್ ಗರ್ಡ್‌ವುಡ್ ಮತ್ತು ಜೊತೆಯವರು. ಅವರ ಎಎಸ್‌ಒಸಿ 2007ರಲ್ಲಿ 2.6.21 ಕರ್ನೆಲ್ಲಿಗೆ ಸೇರಿತು. ಅದು ಕೆಲಸವನ್ನು ಮೂರು ಭಾಗ ಮಾಡಿತು. ಕೋಡೆಕ್ಕಿನ ಡ್ರೈವರು ತನ್ನ ಕೋಡೆಕ್ಕನ್ನಷ್ಟೇ ಬಲ್ಲದು. ಪ್ಲಾಟ್‌ಫಾರ್ಮ್ ಡ್ರೈವರು ಮುಖ್ಯ ಚಿಪ್ಪನ್ನಷ್ಟೇ ಬಲ್ಲದು. ಇಬ್ಬರಿಗೂ ಪರಿಚಯವಿಲ್ಲ. ಸಂಬಂಧ ಕುದುರಿಸುವ ನಡುವಿನ ಹಿರಿಯನಂತೆ ಮೂರನೆಯವನು ಮಷೀನ್ ಡ್ರೈವರು: ಈ ಬೋರ್ಡಿನಲ್ಲಿ ಯಾವ ಕಾಲಿಗೆ ಸ್ಪೀಕರ್ ಕಟ್ಟಿದೆ, ಯಾವುದಕ್ಕೆ ಮೈಕು, ಹೆಡ್‌ಸೆಟ್ಟಿನ ತೂತು ಎಲ್ಲಿ, ಇಷ್ಟು ಹೇಳುವುದು ಅವನ ಕೆಲಸ. ನನ್ನ ಅನ್ನ ಬಹಳ ವರ್ಷ ಈ ಮೂರನೆಯವನಿಂದಲೇ ಬಂತು.

ಅದರೊಳಗಿನ ಜಾಣತನದ ಭಾಗಕ್ಕೆ ಡ್ಯಾಪಮ್ ಅನ್ನುತ್ತಾರೆ. ಅದು ನನಗೆ ಅರ್ಥವಾದದ್ದು ದಸ್ತಾವೇಜು ಓದಿ ಅಲ್ಲ, ಅಪ್ಪನ ಉಳ್ಳಾಗಡ್ಡಿ ಮಡಿಗಳಿಂದ. ನಮ್ಮ ಹೊಲದಲ್ಲಿ ಬಾವಿಯ ನೀರು ಒಂದೇ ಕಾಲುವೆಯಲ್ಲಿ ಬರುತ್ತದೆ. ಯಾವ ಮಡಿಗೆ ಹಾಯಬೇಕು ಅನ್ನುವುದು ಅಪ್ಪನ ಸಲಿಕೆಯ ತೀರ್ಮಾನ. ಬಾವಿಯಿಂದ ಮಡಿಯವರೆಗೆ ಹಾದಿ ಪೂರಾ ಆಗಿದ್ದರೆ ಮಾತ್ರ ಅಪ್ಪ ಮೋಟಾರು ಚಾಲೂ ಮಾಡುತ್ತಿದ್ದ. ಡ್ಯಾಪಮ್ಮೂ ಹಾಗೆಯೇ. ಮೈಕಿನಂಥ ಒಂದು ಮೂಲದಿಂದ ಸ್ಪೀಕರಿನಂಥ ಒಂದು ಕೊನೆಯವರೆಗೆ ಹಾದಿ ಪೂರಾ ಇದ್ದರೆ ಆ ಹಾದಿಯ ಮೇಲಿನ ಕೋಣೆಗಳಿಗೆ ಮಾತ್ರ ಕರೆಂಟು ಕೊಡುತ್ತದೆ. ನಡುವೆ ಒಂದು ಬಾಗಿಲು ಮುಚ್ಚಿತೋ, ಎಲ್ಲವನ್ನೂ ಆರಿಸುತ್ತದೆ. ಮಷೀನ್ ಡ್ರೈವರಿನಲ್ಲಿ ನಾವು ಹಾದಿಗಳ ಪಟ್ಟಿ ಬರೆಯುತ್ತೇವೆ. ಒಂದೊಂದು ಸಾಲಿನಲ್ಲಿ ಮೊದಲು ಮುಟ್ಟಬೇಕಾದ ಜಾಗ, ನಡುವೆ ಬಾಗಿಲಿನ ಹೆಸರು, ಕೊನೆಗೆ ಹೊರಟ ಜಾಗ. ಮೊದಲು ಮಡಿ, ಆಮೇಲೆ ಬಾವಿ. ಕಲಿಯುವಾಗ ಎಲ್ಲರೂ ಇದನ್ನು ಒಮ್ಮೆಯಾದರೂ ತಿರುವುಮುರುವು ಬರೆಯುತ್ತಾರೆ.

ಒಂದು ವ್ಯತ್ಯಾಸ ಮಾತ್ರ ಇದೆ. ಅಪ್ಪ ಮೊದಲು ಮುಂದಿನ ಮಡಿಯ ಬಾಯಿ ತೆರೆದು ಆಮೇಲೆ ತುಂಬಿದ ಮಡಿಯದನ್ನು ಮುಚ್ಚುತ್ತಿದ್ದ, ಇಲ್ಲದಿದ್ದರೆ ಕಾಲುವೆ ಒಡೆಯುತ್ತದೆ. ಧ್ವನಿಯಲ್ಲಿ ಇದು ಉಲ್ಟಾ. ಡ್ಯಾಪಮ್ ಮೊದಲು ಬೇಡವಾದದ್ದನ್ನು ಆರಿಸಿ ಆಮೇಲೆ ಬೇಕಾದದ್ದನ್ನು ಹಚ್ಚುತ್ತದೆ. ಹಾಗೆ ಮಾಡದಿದ್ದರೆ ಬದಲಾವಣೆಯ ಟಪ್ ಅನ್ನುವ ಸದ್ದು ದೊಡ್ಡದಾಗಿ ಕಿವಿಗೆ ಬಡಿಯುತ್ತದೆ.

ಈಗ ನನ್ನ ತಪ್ಪಿನ ಕತೆ.

2008. ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಸಿಮ್ ಹಾಕಿ ಮಾತಾಡುವ ಒಂದು ಯಂತ್ರದ ಮಾದರಿ ತಯಾರಾಗುತ್ತಿತ್ತು. ಕರೆಯ ಧ್ವನಿ ಲಿನಕ್ಸಿನೊಳಗೆ ಬರುತ್ತಲೇ ಇರಲಿಲ್ಲ. ಮೋಡೆಮ್ಮಿನಿಂದ ನೇರ ಕೋಡೆಕ್ಕಿಗೆ, ಕೋಡೆಕ್ಕಿನಿಂದ ಕಿವಿಗೆ. ಹಿಂದಿನ ವರ್ಷ ಬಂದಿದ್ದ ಓಪನ್‌ಮೋಕೋದ ನಿಯೋ ಫೋನಿನಲ್ಲೂ ಹೀಗೇ ಇತ್ತು. ನಮ್ಮ ಪ್ರೊಗ್ರಾಮಿನ ಕೆಲಸ ಹಳೇ ಆಪರೇಟರಿನದು: ಮಾತು ಕೇಳಬಾರದು, ಬಾಗಿಲು ತೆರೆದು ಮುಚ್ಚಬೇಕು. ಎರಡು ಮೈಕು ಇದ್ದವು. ಒಂದು ಯಂತ್ರದ ಮೈಮೇಲೆ, ಒಂದು ಹೆಡ್‌ಸೆಟ್ಟಿನಲ್ಲಿ. ಎರಡಕ್ಕೂ ಕೋಡೆಕ್ಕಿನ ಒಂದೇ ಕಾಲಿನಿಂದ ಎರಡು ವೋಲ್ಟಿನ ಆಸುಪಾಸು ಬಯಾಸ್ ಬರಬೇಕು. ಅದೇ ಮೈಕಿನ ಕೂಳು. ಹೆಡ್‌ಸೆಟ್ ಮೈಕಿನ ಹಾದಿಯಲ್ಲಿ ಬಯಾಸನ್ನು ಬರೆದೆ. ಯಂತ್ರದ ಮೈಕಿನ ಹಾದಿಯಲ್ಲಿ ಬರೆಯುವುದನ್ನು ಮರೆತೆ. ಒಂದು ಸಾಲು.

ಲ್ಯಾಬಿನಲ್ಲಿ ಇದು ಗೊತ್ತಾಗಲಿಲ್ಲ, ಯಾಕಂದರೆ ಹೆಡ್‌ಸೆಟ್ಟು ಯಾವಾಗಲೂ ಚುಚ್ಚಿಕೊಂಡೇ ಇರುತ್ತಿತ್ತು, ಎರಡೂ ಮೈಕಿನ ಬಾಗಿಲು ತೆರೆದೇ ಇರುತ್ತಿತ್ತು. ಹೆಡ್‌ಸೆಟ್ಟಿನ ದೆಸೆಯಿಂದ ಬಯಾಸ್ ಹೊತ್ತಿರುತ್ತಿತ್ತು, ಅದರ ಎಂಜಲು ಕೂಳಿನಲ್ಲಿ ಇನ್ನೊಂದು ಮೈಕೂ ಬದುಕಿರುತ್ತಿತ್ತು. ಒಂದು ರಾತ್ರಿ, ಮನೆಯಲ್ಲೂ ಒಂದಿಷ್ಟು ಬಳಸಿ ನೋಡೋಣ ಅಂತ ನನ್ನ ಸ್ವಂತ ಸಿಮ್ಮನ್ನೇ ಅದರೊಳಗೆ ಹಾಕಿ ರೂಮಿಗೆ ಒಯ್ದೆ. ಹೆಡ್‌ಸೆಟ್ಟನ್ನು ಆಫೀಸಿನಲ್ಲೇ ಬಿಟ್ಟಿದ್ದೆ.

ಹತ್ತು ಗಂಟೆಯ ಸುಮಾರಿಗೆ ಮನೆಯ ಲ್ಯಾಂಡ್‌ಲೈನಿನಿಂದ ಕರೆ. ಅವ್ವ. "ತಮ್ಮಾ, ನಿಮ್ಮಪ್ಪಗ ಎದಿ ನೋವು ಬಂದದ. ಬಿಜಾಪುರಕ್ಕ ಕರ್ಕೊಂಡು ಹೊಂಟಾರ. ಕರೆಂಟ್ ಇಲ್ಲ, ಕತ್ತಲಾಗ ನಿಂತು ಮಾತಾಡಾಕತ್ತೀನಿ." ನಾನು "ಯಾವ ದವಾಖಾನಿಗೆ ಬೇ?" ಅಂದೆ. ಅವಳಿಗೆ ಕೇಳಲಿಲ್ಲ. "ಹಲೋ... ತಮ್ಮಾ?" ನಾನು ಕೂಗಿದೆ. ಅವಳ ಉಸಿರು ಕೂಡ ನನಗೆ ಕೇಳುತ್ತಿತ್ತು. "ಯಾಕ ಮಾತಾಡವಲ್ಲಿ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಇನ್ನೂ ಸಿಟ್ಟದ ಏನು?" ಅಂದಳು. ಫೋನು ಇಟ್ಟ ಸದ್ದು ಬಂತು.

ಸಿಟ್ಟು ಯಾಕೆ ಅಂದರೆ, ಹಿಂದಿನ ವಾರ ಎರಡು ಎಕರೆ ಮಾರುವ ಮಾತು ತೆಗೆದು ಅಪ್ಪನ ಜೋಡಿ ಜಗಳ ಆಡಿದ್ದೆ. ಅವನು ಇನ್ನೂ ಮಾತಾಡುತ್ತಿರುವಾಗಲೇ ಫೋನು ಇಟ್ಟಿದ್ದೆ.

ಸಿಮ್ಮು ಬಿಚ್ಚಿ ನನ್ನ ಹಳೇ ಫೋನಿಗೆ ಹಾಕಿ ತಿರುಗಿ ಹಚ್ಚುವಷ್ಟರಲ್ಲಿ ಅಲ್ಲಿ ಗಂಟೆ ಬಾರಿಸುತ್ತಿತ್ತು, ಎತ್ತುವವರು ಇರಲಿಲ್ಲ. ಅವ್ವ ಗಾಡಿ ಹತ್ತಿದ್ದಳು. ಬೆಳತನಕ ನಿದ್ದೆ ಇಲ್ಲ. ಬೆಳಿಗ್ಗೆ ಸೋದರಮಾವನ ಮೊಬೈಲಿಗೆ ಸಿಕ್ಕಿದರು: ಅಪ್ಪ ಪಾರಾಗಿದ್ದ. ಮರುದಿನ ದವಾಖಾನೆ ಮುಟ್ಟಿದಾಗ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. "ನೀ ಸುಮ್ನ ಇದ್ದಿ" ಅಂದಳು. ಬೈದಿದ್ದರೆ ಚಲೋ ಇತ್ತು. ನಾನು ಬಯಾಸು, ಹಾದಿ, ಸಾಲು ಅಂತ ಏನೇನೋ ಹೇಳಿದೆ. ಅವಳು ಹೂಂ ಅಂದಳು. ನಂಬಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.

ವಿಚಾರ ಮಾಡಿ ನೋಡಿ. ಆ ರಾತ್ರಿ ಇಂಗಳೇಶ್ವರದಲ್ಲಿ ಕರೆಂಟಿಲ್ಲದೆ ಕತ್ತಲಲ್ಲಿ ನಿಂತ ಮುದುಕಿಯ ಕೈಯ ಫೋನಿಗೆ ದೂರದ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಕೂಳು ಬರುತ್ತಿತ್ತು. ಯಾರೋ ಎಂಜಿನಿಯರುಗಳು ದಶಕಗಳ ಹಿಂದೆ ಅದನ್ನು ಮರೆಯದೆ ವಿನ್ಯಾಸ ಮಾಡಿದ್ದರು. ಬೆಂಗಳೂರಿನಲ್ಲಿ ಇಪ್ಪತ್ತನಾಲ್ಕು ತಾಸು ಕರೆಂಟಿನ ಕೆಳಗೆ ಕೂತ ನನ್ನ ಹೊಸ ಯಂತ್ರದ ಮೈಕಿಗೆ ಎರಡು ವೋಲ್ಟು ಸಿಗಲಿಲ್ಲ, ಯಾಕಂದರೆ ನಾನು ಬರೆಯಲಿಲ್ಲ. ಡ್ಯಾಪಮ್ ತಪ್ಪು ಮಾಡಿರಲಿಲ್ಲ. ನಾನು ಹೇಳಿದ ಹಾದಿಗೆ ಮಾತ್ರ ದೀಪ ಹಚ್ಚಿತ್ತು.

ಸ್ಟ್ರೌಜರನಿಗೆ ಆಪರೇಟರಿನ ಮೇಲೆ ಸಂಶಯ. ಹಾಗಾಗಿ ನಡುವಿನ ಮನುಷ್ಯರನ್ನು ತೆಗೆದ. ತೆಗೆದ ಮನುಷ್ಯರು ಎಲ್ಲಿಗೂ ಹೋಗಲಿಲ್ಲ, ಕೋಷ್ಟಕದ ಹಿಂದೆ ಸರಿದು ಕೂತರು. ಹಳೇ ಆಪರೇಟರಿಗೆ ಲೈನಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟದಿದ್ದರೆ ಗೊತ್ತಾಗುತ್ತಿತ್ತು, "ಅವರು ಮಾತಾಡ್ತಿದಾರಮ್ಮ, ನಿಮಗೆ ಕೇಳ್ತಿಲ್ಲ" ಅಂತ ಒಂದು ಮಾತು ಹೇಳುತ್ತಿದ್ದಳು. ನಾನು ಬರೆದ ಪಟ್ಟಿಗೆ ಅಷ್ಟು ಹೇಳಲು ಬರುತ್ತಿರಲಿಲ್ಲ.

ಸೋಮವಾರ ಆಫೀಸಿಗೆ ಹೋಗಿ ಆ ಸಾಲು ಬರೆದೆ. ಬರೆಯಲು ಒಂದು ನಿಮಿಷ ಹಿಡಿಯಲಿಲ್ಲ. ಪರೀಕ್ಷೆಯ ಪಟ್ಟಿಯ ತಲೆಗೆ ಇನ್ನೊಂದು ಸಾಲು ಸೇರಿಸಿದೆ: ಹೆಡ್‌ಸೆಟ್ಟು ಕಿತ್ತು ಬದಿಗಿಟ್ಟು, ಆ ಕಡೆ ಇರುವ ಮನುಷ್ಯರನ್ನು ಕೇಳಬೇಕು, ಯಂತ್ರವನ್ನಲ್ಲ.

ಎರಡು ಎಕರೆ ಮಾರಲಿಲ್ಲ. ಅಪ್ಪ ಮತ್ತೆ ಆರು ವರ್ಷ ಆ ಮಡಿಗಳಿಗೆ ನೀರು ಹಾಯಿಸಿದ. ಆಮೇಲೆ ಎಷ್ಟೋ ಕಂಪನಿ, ಎಷ್ಟೋ ಬೋರ್ಡು ಬದಲಾದವು. ಪ್ರತಿ ಹೊಸ ಬೋರ್ಡಿನ ಮೊದಲ ಕರೆ ಮಾತ್ರ ಊರಿಗೇ. ಅವ್ವನಿಗೂ ಈಗ ಅಭ್ಯಾಸವಾಗಿದೆ. ನಾನು ಹಲೋ ಅನ್ನುವ ಮೊದಲೇ ಆ ಕಡೆಯಿಂದ ಬರುತ್ತದೆ:

"ಕೇಳಸ್ತದೋ ತಮ್ಮಾ. ಮಾತಾಡು."